ಅಲೆಂತೇಜುವಿನಲ್ಲಿ ಆರು ದಿನ

ಯುಗಾದಿ ಕೂಟದಲ್ಲಿ ನಾವು ಮೇ ತಿಂಗಳಲ್ಲಿ ಪೋರ್ಚುಗಲ್‌ಗೆ ಹೊರಟಿದ್ದೀವಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ: "ಲಿಸ್ಬನ್ನಾ?" ಅಲ್ಲ, ಅಲೆಂತೇಜು ಅಂದ್ವಿ. ಆ ಹೆಸರು ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕಂದ್ರೆ ಜನವರಿವರೆಗೆ ನಾವೂ ಕೇಳಿರಲಿಲ್ಲ.

ಹೋದದ್ದು ನಾಲ್ಕು ಜನ. ಹಾಸನದ ನಾವಿಬ್ಬರು, ಆಸ್ಪತ್ರೆಯಲ್ಲಿ ನರ್ಸ್ ಆಗಿರೋ ಕಾರವಾರದ ಅಕ್ಕ, ಮತ್ತೆ ನಮ್ಮ ಹಾವೇರಿ ಅಣ್ಣ. ಅಣ್ಣ ಮ್ಯಾಂಚೆಸ್ಟರ್ ಹತ್ತಿರದ ಒಂದು ಕೋಲ್ಡ್ ಸ್ಟೋರಿನಲ್ಲಿ ರಾತ್ರಿ ಪಾಳಿ ಮಾಡ್ತಾರೆ. ಲಾರಿಯಿಂದ ಇಳಿಯೋ ಹಣ್ಣಿನ ಡಬ್ಬಿಗಳನ್ನು ಅಂಗಡಿವಾರು ವಿಂಗಡಿಸೋ ಕೆಲಸ. ಸಂಕ್ರಾಂತಿ ದಿನ ಅವರ ತಮ್ಮ ಊರಿಂದ ಫೋನ್ ಮಾಡಿದ್ದ. ಯಾರೋ ಏಜೆಂಟ್ 8 ಲಕ್ಷಕ್ಕೆ ಪೋರ್ಚುಗಲ್ಲಿನ ಹಣ್ಣಿನ ತೋಟಕ್ಕೆ ಕಳಿಸ್ತಾನಂತೆ. ವಿಸಿಟರ್ ವೀಸಾದಲ್ಲಿ ಹೋಗೋದು, ಒಂದು ವರ್ಷ ದುಡಿಯೋದು, ಆಮೇಲೆ ಪೇಪರ್ ತಾನಾಗೇ ಆಗುತ್ತೆ ಅಂತ ಮಾತು ಕೊಟ್ಟಿದ್ದಾನೆ. ಬ್ಯಾಡಗಿ ಹತ್ತಿರ ಮೆಣಸಿನಕಾಯಿ ಬೆಳೆಯೋ ಎರಡು ಎಕರೆ ಹೊಲ ಅಡವಿಟ್ಟರೆ ದುಡ್ಡು ಹೊಂದುತ್ತೆ. ಮೇ ಕೊನೆಗೆ ಅಡ್ವಾನ್ಸ್ ಕಟ್ಟಬೇಕು. "ಅಣ್ಣಾ, ನಿನಗ ಅದು ಬಾಜೂಕ ಐತೆಲ್ಲ, ಒಮ್ಮೆ ಹೋಗಿ ನೋಡ್ಕೊಂಡ ಬಾ" ಅಂದನಂತೆ. ಹಾವೇರಿಯಿಂದ ನೋಡಿದರೆ ಮ್ಯಾಂಚೆಸ್ಟರ್ರೂ ಪೋರ್ಚುಗಲ್ಲೂ ಅಕ್ಕಪಕ್ಕದ ಓಣಿ.

ಏಜೆಂಟ್ ಕೊಟ್ಟ ಚೀಟಿಯಲ್ಲಿ ಓದೆಮೀರಾ ಅನ್ನೋ ಹೆಸರಿತ್ತು. ನಕ್ಷೆ ತೆಗೆದು ನೋಡಿದ್ವಿ. ಪೋರ್ಚುಗಲ್ಲಿನ ದಕ್ಷಿಣಕ್ಕೆ ಅಲೆಂತೇಜು ಪ್ರಾಂತ್ಯ, ಅದರ ಕಡಲ ಕಡೆಯ ತಾಲ್ಲೂಕು ಓದೆಮೀರಾ. ವಿಸ್ತೀರ್ಣದಲ್ಲಿ ಆ ದೇಶದ ಅತಿ ದೊಡ್ಡ ತಾಲ್ಲೂಕು ಅದು. ಒಳನಾಡಿನಲ್ಲಿ ಹಳೇ ಕೋಟೆಯ ಪಟ್ಟಣಗಳು, ಪಶ್ಚಿಮಕ್ಕೆ ಅಟ್ಲಾಂಟಿಕ್. ಮೂರು ವರ್ಷದಿಂದ ರಜೆ ಅಂತ ಎಲ್ಲಿಗೂ ಹೋಗದ ನಮಗೆ ಇಷ್ಟು ಸಾಕಾಯ್ತು.

ಮೊದಲು ವೀಸಾದ ಮಾತು ಮುಗಿಸಿಬಿಡ್ತೀವಿ, ಹೋಗೋರಿಗೆ ಬೇಕಾಗುತ್ತೆ. ಇಲ್ಲಿ ಕೆಲಸದ ವೀಸಾ ಇದ್ದರೂ ಇಂಡಿಯನ್ ಪಾಸ್‌ಪೋರ್ಟಿಗೆ ಶೆಂಗೆನ್ ವೀಸಾ ಬೇಕೇ ಬೇಕು. ಶುಲ್ಕ 90 ಯೂರೋ, ಅದರ ಮೇಲೆ ಅರ್ಜಿ ತಗೊಳ್ಳೋರ ಚಾರ್ಜು. 30,000 ಯೂರೋ ಚಿಕಿತ್ಸೆಗೆ ಸಾಕಾಗೋ ಪ್ರವಾಸ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟು, ರಜೆ ಕೊಟ್ಟಿದ್ದಾರೆ ಅನ್ನೋ ಕೆಲಸದ ಕಡೆಯ ಪತ್ರ, ಎಲ್ಲ ಜೋಡಿಸಬೇಕು. ಇದರಲ್ಲೆಲ್ಲ ಕಷ್ಟ ಅಪಾಯಿಂಟ್‌ಮೆಂಟು. ಅಕ್ಕ ನೈಟ್ ಡ್ಯೂಟಿ ಮುಗಿಸಿ ಬೆಳಗಿನ ಜಾವ ಮೊಬೈಲ್ ಒತ್ತಿ ಒತ್ತಿ ನಾಲ್ಕು ಜಾಗ ಹಿಡಿದ್ರು.

ಮೇ 3ರ ಶನಿವಾರ ಲಿಸ್ಬನ್ನಿನಲ್ಲಿ ಇಳಿದು, ಬಾಡಿಗೆ ಕಾರು ಹಿಡಿದು, ತೇಜು ನದಿ ದಾಟಿದ್ವಿ. ಅಲೆಂತೇಜು ಅಂದರೆ 'ತೇಜುವಿನ ಆಚೆ' ಅಂತಲೇ ಅರ್ಥ. ದಾಟಿದ ಸೇತುವೆ ಸುಮಾರು 17 ಕಿಲೋಮೀಟರ್ ಉದ್ದ, 1998ರಲ್ಲಿ ತೆರೆದದ್ದು, ಹೆಸರು ವಾಸ್ಕೋ ಡ ಗಾಮ. ಈ ಮನುಷ್ಯ ಮುಂದೆ ಆರು ದಿನವೂ ನಮ್ಮನ್ನು ಬಿಡಲಿಲ್ಲ.

ಸೇತುವೆ ಇಳಿದು ಒಂದು ಗಂಟೆ ಹೋದರೆ ಭೂಮಿ ಬಿಚ್ಚಿಕೊಳ್ಳುತ್ತೆ. ಪೋರ್ಚುಗಲ್ಲಿನ ನೆಲದಲ್ಲಿ ಮೂರನೇ ಒಂದು ಪಾಲು ಈ ಪ್ರಾಂತ್ಯ, ಜನ ಮಾತ್ರ ತೀರಾ ಕಡಿಮೆ. ಹಣ್ಣಾಗುತ್ತಿರೋ ಗೋಧಿ, ನಡುನಡುವೆ ಕೆಂಪು ಗಸಗಸೆ ಹೂವು, ಅಲ್ಲಲ್ಲಿ ದೂರ ದೂರ ನಿಂತ ಬೂಚಿನ ಮರಗಳು. ಬಾಟಲಿಗೆ ಹಾಕೋ ಬೂಚು ಇದರ ತೊಗಟೆ. ಜಗತ್ತಿನ ಬೂಚಿನಲ್ಲಿ ಹತ್ತಿರ ಹತ್ತಿರ ಅರ್ಧ ಪೋರ್ಚುಗಲ್ಲಿನದೇ. ಗಿಡ ನೆಟ್ಟು 25 ವರ್ಷ ಕಾದು ಮೊದಲ ಸಲ ಸುಲೀತಾರೆ, ಆಮೇಲೆ 9 ವರ್ಷಕ್ಕೊಮ್ಮೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಬಿಳಿ ಬಣ್ಣದಲ್ಲಿ ಮರದ ಮೇಲೆ ಬರೀತಾರೆ. 9 ಅಂತ ಇದ್ದರೆ 2019ರಲ್ಲಿ ಸುಲಿದದ್ದು, 2028ರವರೆಗೆ ಕೊಡಲಿ ಮುಟ್ಟಿಸೋ ಹಾಗಿಲ್ಲ. ಅಣ್ಣ ಕಾರು ನಿಲ್ಲಿಸಿ ಒಂದು ಮರ ಮುಟ್ಟಿ ನೋಡಿ, "ಒಂಬತ್ತ ವರ್ಷ ಕಾಯೋ ಒಕ್ಕಲುತನ ನಮ್ಮ ಕೈಲೆ ಆಗೂದಿಲ್ಲ ಬಿಡ್ರಿ" ಅಂದ್ರು.

ಎರಡು ರಾತ್ರಿ ಉಳಿದದ್ದು ಎವೊರಾದಲ್ಲಿ. ಗೋಡೆ ಸುತ್ತಿದ ಪಟ್ಟಣ, 1986ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಸುಣ್ಣ ಬಳಿದ ಬಿಳಿ ಮನೆಗಳು, ನೆಲದಿಂದ ಮೊಣಕಾಲೆತ್ತರಕ್ಕೆ ಹಳದಿ ಇಲ್ಲವೇ ನೀಲಿ ಪಟ್ಟಿ. ನಮ್ಮಲ್ಲಿ ಕೆಮ್ಮಣ್ಣಿನ ಪಟ್ಟಿ ಬಳೀತಿದ್ದರಲ್ಲ, ಹಾಗೇ. ಊರ ನೆತ್ತಿಯ ಮೇಲೆ ಕ್ರಿಸ್ತಶಕ ಮೊದಲ ಶತಮಾನದ ರೋಮನ್ ದೇವಾಲಯ ಇದೆ, 14 ಕಂಬ ಇನ್ನೂ ನಿಂತಿವೆ. ಅದು ಉಳಿದದ್ದು ಭಕ್ತಿಯಿಂದಲ್ಲ. ಕಂಬಗಳ ನಡುವೆ ಗೋಡೆ ಎಬ್ಬಿಸಿ 1836ರವರೆಗೆ ಅದನ್ನು ಕಸಾಯಿಖಾನೆ ಮಾಡಿಕೊಂಡಿದ್ದರು, ಅದಕ್ಕೇ ಯಾರೂ ಕೆಡವಲಿಲ್ಲ. 1537ರಲ್ಲಿ ನೀರು ಹರಿದ ಮೇಲ್ಗಾಲುವೆ ಊರೊಳಗೆ ಬರ್ತಾ ಬರ್ತಾ ತಗ್ಗಾಗುತ್ತೆ, ಅದರ ಕಮಾನುಗಳ ಸಂದಿಯಲ್ಲಿ ಜನ ಮನೆ ಕಟ್ಟಿಕೊಂಡಿದ್ದಾರೆ. ಒಂದು ಕಮಾನಿನಲ್ಲಿ ಬಟ್ಟೆ ಒಣಗ್ತಿತ್ತು.

ಎಲುಬಿನ ಗುಡಿಗೂ ಹೋಗಿದ್ವಿ. ಸಂತ ಫ್ರಾನ್ಸಿಸ್ ಚರ್ಚಿನ ಪಕ್ಕದ ಕೋಣೆ ಅದು. ಸುಮಾರು 5,000 ಜನರ ಎಲುಬು, ತಲೆಬುರುಡೆಗಳನ್ನು ಗಾರೆಯಲ್ಲಿ ಕೂರಿಸಿ ಗೋಡೆ, ಕಂಬ ಎಲ್ಲ ತುಂಬಿಸಿದ್ದಾರೆ. ನಾವು ನಿಮ್ಮ ಎಲುಬಿಗಾಗಿ ಕಾಯ್ತಿದ್ದೀವಿ ಅಂತ ಬಾಗಿಲ ಮೇಲೆ ಬರೆದಿದ್ದಾರೆ. ವಾರ್ಡಿನಲ್ಲಿ ಸಾವು ನೋಡಿ ನೋಡಿ ರೂಢಿಯಾದ ಅಕ್ಕ ಹತ್ತು ನಿಮಿಷ ಸುತ್ತಾಡಿ ನೋಡಿದ್ರು. ಉಳಿದ ಮೂವರೂ ಎರಡೇ ನಿಮಿಷಕ್ಕೆ ಹೊರಗೆ.

ಅಕ್ಕನಿಗೆ ಬೇಸರ ತಂದದ್ದು ಬೇರೆ. ರೋಮನ್ ಕಂಬಗಳ ಎದುರಿಗೇ ಒಂದು ಕಟ್ಟಡ ಇದೆ, ಈಗ ಕಲಾ ಪ್ರದರ್ಶನ ನಡೆಯುತ್ತೆ. ಹಿಂದೆ ಅದು ಇನ್‌ಕ್ವಿಸಿಷನ್ ಮನೆ. ಪೋರ್ಚುಗಲ್ಲಿನಲ್ಲಿ ಆ ಧರ್ಮವಿಚಾರಣೆ 1536ರಲ್ಲಿ ಶುರುವಾದದ್ದು ಇದೇ ಊರಿನಿಂದ, ಗೋವಾಕ್ಕೆ ಬಂದದ್ದು 1560ರಲ್ಲಿ. ಅಕ್ಕನ ಮನೆಮಾತು ಕೊಂಕಣಿ, ಕುಲದೇವರು ಇವತ್ತಿಗೂ ಗೋವಾದಲ್ಲಿ. ಹಿರಿಯರು ರಾತ್ರೋರಾತ್ರಿ ದೋಣಿ ಹತ್ತಿ ದಕ್ಷಿಣಕ್ಕೆ ಬಂದರು ಅನ್ನೋ ಕಥೆಯನ್ನು ಅಜ್ಜಿ ಊಟದ ಹೊತ್ತಿಗೆ ಹೇಳ್ತಿದ್ದರಂತೆ. "ಅಜ್ಜಿ ಹೇಳೂದು ಕೇಳಿ ಅದೆಲ್ಲೋ ಭೂತದ ಮನೆ ಅಂತ ಮಾಡಿದ್ದೆ. ನೋಡಿದ್ರೆ ಕಿಟಕಿಗೆ ಹೂಕುಂಡ" ಅಂದ್ರು. ಒಳಗೆ ಹೋಗೋಣವಾ ಅಂದ್ವಿ, ಬೇಡ ಅಂದ್ರು.

ಸಂಜೆ ಜಿರಾಲ್ದು ಚೌಕದಲ್ಲಿ ಕೂತಿದ್ವಿ. ಎಂಟು ನಲ್ಲಿಯ ಕಾರಂಜಿ, ಕಮಾನಿನ ಕೆಳಗೆ ಕಾಫಿ ಅಂಗಡಿಗಳು. ಪಕ್ಕದ ಟೇಬಲ್ಲಿನ ಮುದುಕರೊಬ್ಬರು ಹುಡುಗನನ್ನು ಕರೆದು ಏನೋ ಹೇಳಿದ್ರು, ಕೊನೆಯ ಪದ 'ಪಗಾರ್'. ಅಣ್ಣ ತಟ್ಟನೆ ತಿರುಗಿದ್ರು. "ಏನ್ರೀ ಅದು, ಈ ಅಜ್ಜಗ ಪಗಾರ ಕೊಡೂದೈತೇನು?" ಮೊಬೈಲಿನಲ್ಲಿ ನೋಡಿದ್ವಿ. ಪೋರ್ಚುಗೀಸಿನಲ್ಲಿ 'ಪಗಾರ್' ಅಂದರೆ ದುಡ್ಡು ಕೊಡು, ತೀರಿಸು. ಅಜ್ಜ ಕಾಫಿಯ ಬಿಲ್ಲು ಕೇಳಿದ್ದರು. ಹಾವೇರಿ, ಹುಬ್ಬಳ್ಳಿ, ಕಾರವಾರದವರು ಸಂಬಳಕ್ಕೆ ಪಗಾರ ಅನ್ನೋದು ಇವರ ಮಾತು! ಆಮೇಲೆ ಶುರುವಾಯ್ತು ನೋಡಿ ಆಟ. ಹೋಟೆಲ್ಲಿನ ಬೀಗದ ಕೈ 'ಶಾವ್', ನಮ್ಮ ಚಾವಿ. ಒರೆಸೋ ಬಟ್ಟೆ 'ತುವಾಲ್ಯ', ನಮ್ಮ ಟುವಾಲು. ಬಾಲ್ದಿ, ಬಟಾಟೆ, ಅನಾನಸು, ಅಲಮಾರಿ, ಪಾವಿನ ಪಾವು, ಕಾರವಾರದ ಇಗರ್ಜಿ. ಬ್ಯಾಡಗಿ ಮಾರುಕಟ್ಟೆಯ ಲಿಲಾವು ಸಹ 'ಲೆಯ್ಲಾವ್'. ಮೆಣಸಿನಕಾಯಿಯನ್ನೇ ಅಮೆರಿಕದಿಂದ ಹಡಗಿನಲ್ಲಿ ತಂದು ನಮ್ಮ ಕಡೆ ಇಳಿಸಿದವರು ಇವರು. "ಬೆಳೀನೂ ಇವರದು, ಲಿಲಾವೂ ಇವರದು, ಪಗಾರೂ ಇವರದು. ನಮ್ಮದೇನೈತ್ರೀ ಹಂಗಾರ?" ಅಂತ ಅಣ್ಣ ನಗ್ತಾ ಕೇಳಿದ್ರು. ಅಂಗಡಿಯ ಟಿವಿಯಲ್ಲಿ ಸುದ್ದಿ ಓಡ್ತಿತ್ತು. ಪೇಪರ್ ಸಿಗದ ಸುಮಾರು 18,000 ವಿದೇಶಿಯರಿಗೆ ದೇಶ ಬಿಡಲು ನೋಟಿಸು ಕೊಡ್ತೀವಿ ಅಂತ ಅಲ್ಲಿನ ಸರ್ಕಾರ ಆ ದಿನವೇ ಹೇಳಿತ್ತು. 18ನೇ ತಾರೀಕು ಚುನಾವಣೆ, ಕಂಬ ಕಂಬಕ್ಕೂ ಪೋಸ್ಟರು. ಅಣ್ಣನ ನಗು ಅಲ್ಲಿಗೆ ನಿಂತಿತು.

ಊಟದ ವಿಷಯ ಬರೆಯದಿದ್ದರೆ ಮನೆಯವರು ಬಿಡಲ್ಲ. ಅಲೆಂತೇಜುವಿನ ಅಡುಗೆಯಲ್ಲಿ ಕೊತ್ತಂಬರಿ ಸೊಪ್ಪು ಧಾರಾಳ. ಯೂರೋಪಿನಲ್ಲಿ ಇಷ್ಟು ಕೊತ್ತಂಬರಿ ನಾವು ಎಲ್ಲೂ ಕಂಡಿರಲಿಲ್ಲ. 'ಅಸೋರ್ದ' ಅಂತ ಒಂದು ಮಾಡ್ತಾರೆ: ಬೆಳ್ಳುಳ್ಳಿ, ಕೊತ್ತಂಬರಿ, ಉಪ್ಪು ಜಜ್ಜಿ, ಆಲಿವ್ ಎಣ್ಣೆ ಹಾಕಿ, ಬಿಸಿನೀರು ಸುರಿದು, ಹಳೇ ಬ್ರೆಡ್ಡು ನೆನೆಹಾಕಿ ಮೇಲೊಂದು ಮೊಟ್ಟೆ. ಬಡವರ ಊಟ, ಮನೆಯಲ್ಲಿ ಬೇರೆ ಏನೂ ಇಲ್ಲದಾಗಿನದು. ನೈಟ್ ಶಿಫ್ಟ್ ಮುಗಿಸಿ ಬಂದು ಮಾಡಿಕೊಳ್ಳೋಕೆ ಇದಕ್ಕಿಂತ ಸುಲಭ ಇಲ್ಲ, ನಾವೀಗ ವಾರಕ್ಕೊಮ್ಮೆ ಮಾಡ್ತೀವಿ, ಒಂದು ಹಸಿಮೆಣಸಿನಕಾಯಿ ಜಾಸ್ತಿ ಹಾಕಿ. ಒಂದು ಎಚ್ಚರಿಕೆ: ಊಟಕ್ಕೆ ಮೊದಲು ಕೇಳದೇ ತಂದಿಡೋ ಬ್ರೆಡ್ಡು, ಆಲಿವ್, ಚೀಸು ಬಿಟ್ಟಿ ಅಲ್ಲ. ಬೇಡದಿದ್ದರೆ ಮುಟ್ಟದೆ ವಾಪಸ್ ಕಳಿಸಿ. ನಾವು ಮೊದಲ ದಿನ ಎಲ್ಲ ಖಾಲಿ ಮಾಡಿ ಬಿಲ್ಲು ನೋಡಿ ಬೆಪ್ಪಾದ್ವಿ.

ಸೋಮವಾರ ದಕ್ಷಿಣಕ್ಕೆ ಇಳಿದ್ವಿ. ದಾರಿಯಲ್ಲಿ ವಿದಿಗೈರಾ. ಗಾಮನನ್ನು 1519ರಲ್ಲಿ ರಾಜ ಈ ಊರಿನ ಕೌಂಟ್ ಮಾಡಿದ. ಅವನು 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ಸತ್ತ. ಎಲುಬು ಇಲ್ಲಿಗೆ ಬಂದದ್ದು 1539ರಲ್ಲಿ, 1880ರಲ್ಲಿ ಮತ್ತೆ ಅಗೆದು ಲಿಸ್ಬನ್ನಿಗೆ ಒಯ್ದರು. ಸತ್ತ ಮೇಲೂ ಮೂರು ಊರು ತಿರುಗಿದ. ಈಗ ವಿದಿಗೈರಾ ಹೆಸರು ಮಾಡಿರೋದು ಆಳೆತ್ತರದ ಮಣ್ಣಿನ ಗುಡಾಣಗಳಲ್ಲಿ ವೈನ್ ಹುಳಿಯಿಡೋದಕ್ಕೆ, ರೋಮನ್ನರ ಕಾಲದ ಪದ್ಧತಿ ಅದು. ಅಣ್ಣ ಕಾರು ಓಡಿಸಬೇಕಿತ್ತು, ಹಾಗಾಗಿ ಗುಡಾಣ ನೋಡಿದ್ದಷ್ಟೇ.

ಬೇಜಾ ಪಟ್ಟಣ ದಾಟಿ ಸ್ವಲ್ಪ ಪೂರ್ವಕ್ಕೆ ಬಲೈಝಾವ್ ಅನ್ನೋ ಹಳ್ಳಿ. ಯಾವ ಪ್ರವಾಸಿಯೂ ಹೋಗೋ ಜಾಗ ಅಲ್ಲ. ಪಗಾರ್ ಪದದ ಹಿಂದೆ ಬಿದ್ದು ಎವೊರಾದ ರಾತ್ರಿ ಓದ್ತಾ ಕೂತಾಗ ಸಿಕ್ಕ ಹೆಸರು. ಈ ನಾಡಿನ ಗೋಧಿ ಹೊಲಗಳೆಲ್ಲ ಹಿಂದೆ ಕೆಲವೇ ದೊಡ್ಡ ಜಮೀನ್ದಾರರ ಕೈಯಲ್ಲಿದ್ದವು. ಕೂಲಿಯವರು ಊರ ಚೌಕದಲ್ಲಿ ನಿಲ್ಲಬೇಕು, ಮೇಸ್ತ್ರಿ ಬಂದು ಬೇಕಾದವರನ್ನು ಆರಿಸಿಕೊಂಡು ಹೋಗ್ತಿದ್ದ. ದುಡಿತ ಸೂರ್ಯ ಹುಟ್ಟಿದಾಗಿನಿಂದ ಮುಳುಗೋವರೆಗೆ. ಸಲಾಝಾರ್‌ನ ಸರ್ವಾಧಿಕಾರದ ಕಾಲದಲ್ಲಿ, 1954ರ ಮೇ 19ರಂದು, ಇಲ್ಲಿ ಕೊಯ್ಲಿಗೆ ಬಂದ ಹೆಂಗಸರು ಕೂಲಿ ಹೆಚ್ಚು ಕೊಡಿ ಅಂತ ಕೇಳಿದರು. ಮುಂದೆ ನಿಂತವಳು ಕತರೀನಾ ಯುಫೇಮಿಯಾ, 26 ವರ್ಷ, ಮೂರು ಮಕ್ಕಳ ತಾಯಿ. ಪೊಲೀಸ್ ಪಡೆಯ ಲೆಫ್ಟಿನೆಂಟ್ ಗುಂಡು ಹೊಡೆದು ಕೊಂದ. ದಿನಕ್ಕೆ ಎಂಟೇ ಗಂಟೆ ಕೆಲಸ ಅಂತ ಈ ಕೂಲಿಕಾರರು ಮುಷ್ಕರ ಹೂಡಿ ಗೆದ್ದದ್ದು 1962ರಲ್ಲಿ.

ಹಳ್ಳಿಯಲ್ಲಿ ಅವಳ ಸ್ಮಾರಕ ಇದೆ. ಸುಡುಬಿಸಿಲು, ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ. ನಾವು ಐದು ನಿಮಿಷ ನಿಂತು ಬಂದ್ವಿ. ಸುತ್ತಲಿನ ಹೊಲ ಈಗ ಗೋಧಿಯದಲ್ಲ. ಅಲ್ಕೇವಾ ಅಣೆಕಟ್ಟಿನ ಗೇಟು 2002ರಲ್ಲಿ ಮುಚ್ಚಿ ನೀರು ನಿಲ್ಲಿಸಿದ ಮೇಲೆ ಕಣ್ಣು ಹಾಯೋವರೆಗೂ ಸಾಲು ಹಿಡಿದ ಆಲಿವ್, ಬಾದಾಮಿ. ಕೆಲಸಕ್ಕೆ ಹೊರದೇಶದವರು. 2022ರ ನವೆಂಬರಿನಲ್ಲಿ ಇದೇ ಬೇಜಾ ಸುತ್ತಮುತ್ತ ಪೊಲೀಸರು ದಾಳಿ ಮಾಡಿ, ಕೂಲಿಯವರನ್ನು ಮೋಸದಿಂದ ತಂದು ದುಡಿಸಿಕೊಂಡ ಆರೋಪದ ಮೇಲೆ 35 ಜನರನ್ನು ಹಿಡಿದಿದ್ದರು. ಅದನ್ನು ಓದಿ ಹೇಳಿದಾಗ ಅಣ್ಣ ಏನೂ ಮಾತಾಡದೆ ಕಾರು ಓಡಿಸಿದ್ರು.

ಆ ರಾತ್ರಿ ಝಂಬುಜೈರಾದಲ್ಲಿ ತಂಗಿದ್ವಿ. ಬಂಡೆಯ ತುದಿಗೆ ಅಂಟಿಕೊಂಡ ಬಿಳಿ ಹಳ್ಳಿ, ಕೆಳಗೆ ಮರಳು. ಮರುದಿನ ಸಂಜೆ ಐದಕ್ಕೆ ಅಲ್ಲಿಂದ ಸ್ವಲ್ಪ ಒಳಗಿರೋ ಸಾವ್ ತಿಯೊತೋನಿಯುಗೆ ಹೋದ್ವಿ. ಓದೆಮೀರಾ ತಾಲ್ಲೂಕಿನ ಈ ಪುಟ್ಟ ಊರೇ ಏಜೆಂಟ್ ಹೇಳಿದ 'ಯೂರೋಪು'. ದಾರಿಯ ಎರಡೂ ಕಡೆ ಪ್ಲಾಸ್ಟಿಕ್ ಮನೆಗಳು. ಒಳಗೆ ರಾಸ್‌ಬೆರ್ರಿ, ಬ್ಲೂಬೆರ್ರಿ. ಈ ಕರಾವಳಿ ಪೂರ್ತಿ ಸಂರಕ್ಷಿತ ನಿಸರ್ಗ ಪ್ರದೇಶ ಅಂತ ಬೋರ್ಡಿದೆ. ಬೋರ್ಡಿನ ಹಿಂದೆಯೇ ಪ್ಲಾಸ್ಟಿಕ್. ಕೆಲವು ಕಡೆ ಸಾಲಾಗಿ ಕಂಟೇನರುಗಳು, ಕಿಟಕಿಗೆ ಎಸಿ, ಮುಂದೆ ಹಗ್ಗದ ಮೇಲೆ ಬಟ್ಟೆ.

ಊರೊಳಗೆ ಬಂದರೆ ನಮಗೆ ಗುರುತಾಗೋ ವಾಸನೆ. ತೊಗರಿಬೇಳೆ, ಬಾಸ್ಮತಿ, ಮೋಮೋ, ಸಿಮ್ ಕಾರ್ಡ್, ಊರಿಗೆ ದುಡ್ಡು ಕಳಿಸೋ ಅಂಗಡಿ. ವ್ಯಾನುಗಳಿಂದ ಹುಡುಗರು, ಹುಡುಗಿಯರು ಇಳೀತಿದ್ದರು. ನೇಪಾಳದವರು ಹೆಚ್ಚು, ಪಂಜಾಬಿನವರು, ಬಾಂಗ್ಲಾದವರು. ಬೆಂಚಿನ ಮೇಲೆ ಕೂತ ಊರಿನ ಮುದುಕರು ಅವರನ್ನು ನೋಡ್ತಾ ಇದ್ದರು, ಬೈಯಲೂ ಇಲ್ಲ, ಮಾತಾಡಿಸಲೂ ಇಲ್ಲ. 2021ರ ಏಪ್ರಿಲ್ ಕೊನೆಯಲ್ಲಿ ಕೋವಿಡ್ ಹೆಚ್ಚಾಗಿ ಈ ಊರಿಗೇ ಪೊಲೀಸರು ಅಡ್ಡಗಟ್ಟಿದ್ದರು. ಒಂದೊಂದು ಮನೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ಆ ದೇಶಕ್ಕೆಲ್ಲ ಗೊತ್ತಾದದ್ದು ಆಗ.

ದಿನಸಿ ಅಂಗಡಿಯ ಪಂಜಾಬಿ ಅಣ್ಣನ ಹತ್ತಿರ ಹಿಂದಿಯಲ್ಲಿ ಮಾತಿಗಿಳಿದ್ವಿ. ಕರ್ನಾಟಕದವರು ಯಾರಾದರೂ ಇದ್ದಾರಾ ಅಂದರೆ, ದಕ್ಷಿಣದವರು ಇಬ್ಬರಿದ್ದರು, ಲಿಸ್ಬನ್ನಿಗೆ ಹೋದರು ಅಂದ್ರು. ಅಣ್ಣ ಏಜೆಂಟನ ಮಾತು ಹೇಳಿದ್ರು. ಅಂಗಡಿಯವರು ಕೈಯಲ್ಲಿದ್ದ ಚೀಲ ಕೆಳಗಿಟ್ಟು ಬಿಡಿಸಿ ಹೇಳಿದ್ರು. ಮೊದಲು ಹಾಗೆ ಇತ್ತು ನಿಜ. ವಿಸಿಟರ್ ಆಗಿ ಬಂದವರೂ ಕೆಲಸ ಹಿಡಿದು, 12 ತಿಂಗಳು ಸೋಷಿಯಲ್ ಸೆಕ್ಯುರಿಟಿ ಕಟ್ಟಿದರೆ ವಾಸದ ಪರವಾನಗಿಗೆ ದಾರಿ ಇತ್ತು. ತಾವೂ ಹಾಗೇ ಬಂದವರು. 2024ರ ಜೂನ್‌ನಲ್ಲಿ ಸರ್ಕಾರ ಆ ದಾರಿ ಮುಚ್ಚಿತು. ಈಗ ಬರೋದಾದರೆ ಊರಿನಿಂದಲೇ ಕೆಲಸದ ವೀಸಾ ಮಾಡಿಸಿಕೊಂಡು ಬರಬೇಕು. "ನಿಮ್ಮ ಏಜೆಂಟ್ ಮಾರುತ್ತಿರೋದು ಹಳೇ ಟಿಕೆಟ್, ರೈಲು ಹೋಗಿಯಾಯ್ತು" ಅಂದ್ರು.

ಅಷ್ಟೊತ್ತಿಗೆ ಮೊಟ್ಟೆ, ಈರುಳ್ಳಿ ಕೊಳ್ಳಲು ಬಂದ ಒಬ್ಬ ನೇಪಾಳಿ ಹುಡುಗ ನಿಂತು ಕೇಳಿಸಿಕೊಳ್ತಿದ್ದ. 23-24 ವರ್ಷ ಇರಬಹುದು, ಬೆರಳ ತುದಿಗಳೆಲ್ಲ ನೇರಳೆ ಬಣ್ಣ. ರಾಸ್‌ಬೆರ್ರಿ ಕೀಳೋ ಕೆಲಸ. ಒತ್ತಿದರೆ ಹಣ್ಣು ಕೆಡುತ್ತೆ, ತಿರುಚಿ ಮೆಲ್ಲಗೆ ಬಿಡಿಸಬೇಕು, ಪ್ಲಾಸ್ಟಿಕ್ಕಿನೊಳಗೆ ಬೇಸಿಗೆಯಲ್ಲಿ ಉಸಿರು ಕಟ್ಟುತ್ತೆ ಅಂದ. ಲೆಕ್ಕಕ್ಕೆ ದೇಶದ ಕನಿಷ್ಠ ವೇತನ, ಅಂದರೆ 2025ರಲ್ಲಿ ತಿಂಗಳಿಗೆ 870 ಯೂರೋ. ಅದರಲ್ಲಿ ಮಂಚಕ್ಕೆ 150, ವ್ಯಾನಿಗೆ ಬೇರೆ, ಮಳೆ ಬಂದ ದಿನ ಇಲ್ಲ. ಮೂರು ಕೋಣೆಯ ಮನೆಯಲ್ಲಿ 11 ಜನ. ಪೇಪರಿಗೆ ಅರ್ಜಿ ಹಾಕಿ ಎರಡು ವರ್ಷ ಆಗಿದೆ, ಊರಿಗೆ ಹೋಗೋ ಹಾಗಿಲ್ಲ. ಅಜ್ಜ ತೀರಿಕೊಂಡದ್ದನ್ನು ಮೊಬೈಲಿನಲ್ಲಿ ನೋಡಿದೆ ಅಂದ. ಇದನ್ನೆಲ್ಲ ದೂರು ಅನ್ನೋ ಹಾಗೆ ಹೇಳಲಿಲ್ಲ. ಯಾರೋ ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದ.

ನಾನು ಇವನ್ನು ಮ್ಯಾಂಚೆಸ್ಟರಿನಲ್ಲಿ ಲಾರಿಯಿಂದ ಇಳಿಸ್ತೀನಿ ಅಂದ್ರು ಅಣ್ಣ. ಹುಡುಗನಿಗೆ ಮೊದಲು ಅರ್ಥ ಆಗಲಿಲ್ಲ. ಅಣ್ಣ ಮೊಬೈಲಿನಲ್ಲಿ ಕೋಲ್ಡ್ ಸ್ಟೋರಿನ ಫೋಟೋ ತೋರಿಸಿದ್ರು, ಡಬ್ಬಿಯ ಮೇಲಿನ ಲೇಬಲ್ ದೊಡ್ಡದು ಮಾಡಿ ತೋರಿಸಿದ್ರು. ಹುಡುಗ ತುಂಬಾ ಹೊತ್ತು ನೋಡಿದ. ಆಮೇಲೆ ಕೇಳಿದ: "ಅಲ್ಲಿಗೆ ಬರೋವರೆಗೆ ಚೆನ್ನಾಗಿರುತ್ತಾ?"

"ಚೆನ್ನಾಗಿರ್ತಾವ" ಅಂತ ಕನ್ನಡದಲ್ಲೇ ಅಂದು, ಆಮೇಲೆ ಹಿಂದಿಯಲ್ಲಿ ಹೇಳಿದ್ರು. ಬೂಸ್ಟು ಹಿಡಿದ ಟ್ರೇಗಳನ್ನು ರಾತ್ರಿ ಎಷ್ಟೋ ಸಲ ಬಿಸಾಕಿದ್ದೀನಿ ಅಂತ ನಮಗೆ ಹೇಳಿದ್ದು ಕಾರಿನಲ್ಲಿ.

ನಾವು ತಂಗಿದ್ದ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಹರೆಯದಲ್ಲಿ ಜರ್ಮನಿಯಲ್ಲಿ ಕಟ್ಟಡ ಕೆಲಸ ಮಾಡಿದವರು, ಅರೆಬರೆ ಇಂಗ್ಲಿಷ್ ಬರುತ್ತೆ. ಆಗ ಪೋರ್ಚುಗಲ್ಲಿನಿಂದ ಲಕ್ಷಾಂತರ ಜನ ಫ್ರಾನ್ಸು, ಜರ್ಮನಿಗೆ ಹೋದರು, ಎಷ್ಟೋ ಜನ ಪಾಸ್‌ಪೋರ್ಟೇ ಇಲ್ಲದೆ ಬೆಟ್ಟ ದಾಟಿ. ನಾವೂ ಒಂದು ಕೋಣೆಯಲ್ಲಿ ಎಂಟು ಜನ ಮಲಗಿದವರೇ ಅಂದ್ರು. ಹಾಗಂತ ಅವರಿಗೆ ಈಗಿನದು ಒಪ್ಪಿಗೆ ಅಂತಲ್ಲ. ಬಾಡಿಗೆ ಏರಿ ಮೊಮ್ಮಗಳಿಗೆ ಊರಲ್ಲಿ ಮನೆ ಸಿಕ್ತಿಲ್ಲ, ಸಾಂತಾ ಕ್ಲಾರಾ ಅಣೆಕಟ್ಟಿನ ನೀರೆಲ್ಲ ಪ್ಲಾಸ್ಟಿಕ್ಕಿಗೆ ಹೋಗ್ತಿದೆ ಅಂತ ಸಿಟ್ಟು. ಆ ಸಿಟ್ಟು ಹುಡುಗರ ಮೇಲಾ, ತೋಟದವರ ಮೇಲಾ ಅಂತ ಕೇಳಿದ್ವಿ. ಕೈ ತಿರುವಿ, ಇನ್ನೊಂದು ಸುತ್ತು ಕಾಫಿ ತಂದಿಟ್ಟರು.

ಬುಧವಾರ ಪೂರ್ತಿ ಕಡಲು. ಈ ತೀರವನ್ನು ಹೇಗೆ ಹೇಳೋದು? ನಮ್ಮ ಮುರುಡೇಶ್ವರ, ಗೋಕರ್ಣದ ಹಾಗೆ ತೆಂಗು, ಮೀನುಬಲೆ, ಜನ ಇಲ್ಲ. ಎತ್ತರದ ಕಪ್ಪು ಬಂಡೆ ಕಡಿದು ನಿಲ್ಲಿಸಿದ ಹಾಗೆ ಕೊನೆಯಾಗುತ್ತೆ, ಕೆಳಗೆ ಅಟ್ಲಾಂಟಿಕ್ ಗುದ್ದುತ್ತೆ. ಬಂಡೆಯ ಅಂಚಿನಲ್ಲೇ ಮೀನುಗಾರರು ಸವೆಸಿದ ಕಾಲುದಾರಿ, ಈಗ ಯೂರೋಪಿನವರೆಲ್ಲ ನಡೆಯಲು ಬರ್ತಾರೆ. ಮರಳಲ್ಲಿ ಕಾಲು ಹೂತು ಹೋಗುತ್ತೆ, ಒಳ್ಳೇ ಶೂ ಹಾಕಿ. ಸರ್ದಾವ್ ಭೂಶಿರದಲ್ಲಿ ಕಡಲ ನಡುವಿನ ಬಂಡೆಗಳ ತುದಿಯಲ್ಲಿ ಬಿಳಿ ಕೊಕ್ಕರೆಗಳು ಗೂಡು ಕಟ್ಟಿವೆ. ಈ ಜಾತಿ ಬೇರೆಲ್ಲ ಕಡೆ ಗೋಪುರ, ಕಂಬ, ಮನೆಯ ಚಿಮಣಿ ಹುಡುಕುತ್ತೆ. ಅಲೆ ಹೊಡೆಯೋ ಬಂಡೆಯ ಮೇಲೆ ಸಂಸಾರ ಹೂಡೋದು ಇಲ್ಲಿ ಮಾತ್ರ ಅಂತಾರೆ. ಗಾಳಿಗೆ ನಾವೇ ನಿಲ್ಲಲಾರೆವು, ಮರಿಗಳು ಆರಾಮಾಗಿ ಬಾಯಿ ತೆರೆದು ಕೂತಿದ್ದವು. ಪಕ್ಕದ ದೀಪಸ್ತಂಭ 1915ರದು, ಅದರ ಗೋಪುರ ನೆಲದ ಕಡೆಗಿದೆ, ಮನೆ ಕಡಲ ಕಡೆಗೆ. ನಕ್ಷೆ ತಿರುಗುಮುರುಗ ಹಿಡಿದು ಕಟ್ಟಿದರು ಅಂತ ಊರವರು ನಗ್ತಾರೆ. ನಮ್ಮ ಕಡೆ ಹೀಗಾಗಿದ್ದರೆ ವಾಸ್ತು ಅಂತಿದ್ವಿ.

ಅಲ್ಲಿಂದಲೇ ಅಣ್ಣ ತಮ್ಮನಿಗೆ ಫೋನ್ ಹಚ್ಚಿದ್ರು. ವಿಡಿಯೋ ಕಾಲ್. ಮೊದಲು ಕೊಕ್ಕರೆ ತೋರಿಸಿದ್ರು, ಕಡಲು ತೋರಿಸಿದ್ರು. ಆಮೇಲೆ ಹೇಳೋದೆಲ್ಲ ಹೇಳಿದ್ರು: ಕಾನೂನು ಬದಲಾದದ್ದು, ಮಂಚದ ಬಾಡಿಗೆ, ಹುಡುಗನ ಬೆರಳು. ನಾವು ದೂರ ಹೋದ್ವಿ, ಆದರೂ ಗಾಳಿ ಮಾತನ್ನು ನಮ್ಮ ಕಡೆಗೇ ತಂತು.

"ನೀ ಮಾತ್ರ ಹೋಗಿ ಕಡಲ ನೋಡ್ಕೋತ ಅಡ್ಡಾಡ್ತಿ. ನಾ ಬರ್ತೀನಂದ್ರ ಬ್ಯಾಡ ಅಂತಿ."

"ಬರಬ್ಯಾಡ ಅನ್ನಲಿಲ್ಲೋ. ಹೊಲಾ ಹಾಕಿ ಬರಬ್ಯಾಡ ಅಂದೆ. ಅಂವ ಹೇಳಿದ ದಾರಿ ಮುಚ್ಚೇತಿ."

"ನೀ ಬಂದಾಗೂ ಹೊಲಾನ ಹಾಕಿದ್ದಿ."

ಫೋನ್ ಕಟ್ಟಾಯ್ತು. ಅದು ನಿಜವೂ ಹೌದು. ಅಣ್ಣ ಇಲ್ಲಿಗೆ ಬಂದಾಗ ಒತ್ತೆ ಇಟ್ಟ ಹೊಲ ಬಿಡಿಸಿಕೊಳ್ಳೋಕೆ ನಾಲ್ಕು ವರ್ಷ ಹಿಡಿದಿತ್ತು. ನಮ್ಮಲ್ಲಿ ಎಷ್ಟು ಜನ ಹಾಗೆ ಬಂದಿಲ್ಲ? ಅಕ್ಕ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ರು. ಯಾರೂ ಉಪದೇಶ ಮಾಡಲಿಲ್ಲ.

ಕೊನೆಯ ದಿನ ಉತ್ತರಕ್ಕೆ ಹೊರಟ್ವಿ. ಮೀರಾ ನದಿ ಕಡಲು ಸೇರೋ ಮಿಲ್‌ಫೋಂಟೆಸ್‌ನಲ್ಲಿ ನೀರು ಶಾಂತ, ಮಕ್ಕಳಿರೋರು ಅಲ್ಲೇ ಇಳಿದುಕೊಳ್ಳಿ. ಪೋರ್ತು ಕೋವುವಿನ ನೀಲಿ ಪಟ್ಟಿಯ ಚೌಕದಲ್ಲಿ ಕೆಂಡದ ಮೇಲೆ ಸುಟ್ಟ ಮೀನು ತಿಂದ್ವಿ, ಅಕ್ಕ ಎರಡು ಪ್ಲೇಟು. ಮಧ್ಯಾಹ್ನ ಸೀನಿಶ್. ಗಾಮ ಹುಟ್ಟಿದ ಊರು. ಅವನ ಅಪ್ಪ ಕಾಯ್ತಿದ್ದ ಕೋಟೆ ಸಣ್ಣದು, ಪಕ್ಕದಲ್ಲಿ ಗಾಮನ ಪ್ರತಿಮೆ ಕಡಲು ನೋಡ್ತಾ ನಿಂತಿದೆ. ಅವನೀಗ ನೋಡೋದು ಕಂಟೇನರ್ ಹಡಗುಗಳನ್ನು. ಸೀನಿಶ್ ಈಗ ದೊಡ್ಡ ಬಂದರು.

1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ಅವನ ಹಡಗುಗಳು ತಂಗಿದ್ದು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. ಹಡಗಿನ ತಳ ಕೆರೆದು ರಿಪೇರಿ ಮಾಡಿಕೊಂಡು, ಸಿಹಿನೀರು ತುಂಬಿಕೊಂಡು ಹೋದರು. 1502ರಲ್ಲಿ ಮತ್ತೆ ಬಂದವನು ಭಟ್ಕಳದವರನ್ನು ಹೆದರಿಸಿ ಅಕ್ಕಿಯ ಕಪ್ಪ ಒಪ್ಪಿಸಿದ. ಅಕ್ಕ ಪ್ರತಿಮೆಯ ಬುಡದಲ್ಲಿ ಕೂತು ಫೋಟೋ ತೆಗೆಸಿಕೊಳ್ಳಲು ಒಪ್ಪಲಿಲ್ಲ. ಎದ್ದು ಗೋಡೆಯ ಹತ್ತಿರ ಹೋಗಿ, "ಇಲ್ಲಿಂದ ನಮ್ಮೂರಿಗೆ ಬಂದು ಮುಟ್ಟೂಕೆ ಎಷ್ಟು ತಿಂಗಳು ತಗಂಡ?" ಅಂತ ಕೇಳಿದ್ರು. ಲಿಸ್ಬನ್ನಿನಿಂದ 1497ರ ಜುಲೈನಲ್ಲಿ ಹೊರಟು ಕಲ್ಲಿಕೋಟೆಗೆ ಮುಟ್ಟಿದ್ದು ಮರುವರ್ಷ ಮೇ ತಿಂಗಳಲ್ಲಿ. "ಅವನಿಗೆ ವೀಸಾ ಕೇಳಿದವರಿಲ್ಲ" ಅಂದ್ರು.

ಲಿಸ್ಬನ್ನಿನ ದಾರಿಯಲ್ಲಿ ಗ್ರಾಂದೊಲಾದಲ್ಲಿ ಪೆಟ್ರೋಲ್ ಹಾಕಿಸಿದ್ವಿ. ಝೆಕಾ ಅಫೋನ್ಸು ಈ ಊರಿನ ಮೇಲೆ ಕಟ್ಟಿದ ಹಾಡನ್ನು 1974ರ ಏಪ್ರಿಲ್ 25ರ ನಡುರಾತ್ರಿ ದಾಟಿದ ಮೇಲೆ ರೇಡಿಯೋದಲ್ಲಿ ಹಾಕಿದ್ದೇ ಸೈನಿಕರಿಗೆ ಸನ್ನೆ, ಸರ್ವಾಧಿಕಾರ ಬಿತ್ತು. ಆಮೇಲೆ ಅಲೆಂತೇಜುವಿನ ಕೂಲಿಕಾರರು ಜಮೀನ್ದಾರರ ಹೊಲಗಳಿಗೇ ನುಗ್ಗಿ ಸಹಕಾರಿ ಬೇಸಾಯ ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಹೊಸ ಕಾನೂನು ಬಂದು ಬಹುಪಾಲು ನೆಲ ಹಳೇ ಒಡೆಯರಿಗೆ ಮರಳಿತು. ಅಣ್ಣನಿಗೆ ಇದನ್ನೆಲ್ಲ ಕಾರಿನಲ್ಲಿ ಓದಿ ಹೇಳ್ತಾ ಬಂದ್ವಿ. ವಿಮಾನ ನಿಲ್ದಾಣ ಬಂದಾಗ ಕಥೆ ಇನ್ನೂ ಮುಗಿದಿರಲಿಲ್ಲ.

ಖರ್ಚು ಎಷ್ಟಾಯ್ತು ಅಂತ ಕೇಳೋರಿಗೆ: ವಿಮಾನ ಬಿಟ್ಟು ಕಾರು, ವಸತಿ, ಊಟ ಸೇರಿ ತಲೆಗೆ 400 ಪೌಂಡಿನ ಸುತ್ತ. ಜುಲೈ, ಆಗಸ್ಟಿನಲ್ಲಿ ಒಳನಾಡು ಕಾದ ಹೆಂಚು, ಏಪ್ರಿಲ್ ಇಲ್ಲವೇ ಮೇ ಒಳ್ಳೇದು. ಊರಲ್ಲಿ ಯಾರಿಗಾದರೂ ಪೋರ್ಚುಗಲ್ ಆಸೆ ಹುಟ್ಟಿಸಿದ್ದರೆ, ವೀಸಾದ ಹೆಸರೇನು, ಅದನ್ನು ಕೊಡೋದು ಯಾವ ಕಚೇರಿ ಅಂತ ಎರಡೇ ಪ್ರಶ್ನೆ ಏಜೆಂಟನಿಗೆ ಕೇಳಿ ಅಂತ ಹೇಳಿ.

ತಮ್ಮ ಒಂಬತ್ತು ದಿನ ಅಣ್ಣನ ಫೋನ್ ಎತ್ತಲಿಲ್ಲ. ಹತ್ತನೇ ದಿನ ತಾನೇ ಮಾಡಿದ. ಪೋರ್ಚುಗಲ್ ಸುದ್ದಿ ಎತ್ತಲಿಲ್ಲ, ದುಡ್ಡು ಕಟ್ಟಿದೆ ಅಂತಲೂ ಇಲ್ಲ, ಬಿಟ್ಟೆ ಅಂತಲೂ ಇಲ್ಲ. ಮಳೆ ಛಲೋ ಆಗೇತಿ, ಸಸಿ ಮಡಿ ಮಾಡಾಕ ಬೀಜಕ್ಕ ಒಂದೀಟ ರೊಕ್ಕ ಹಾಕು ಅಂದನಂತೆ. ಅಣ್ಣ ಶಿಫ್ಟಿನ ಬ್ರೇಕಿನಲ್ಲೇ ಹಾಕಿದ್ರು.